ಎಕ್ಸ್‌ಪೋರ್ಟಿಗೆ ಹಚ್ಚಿದಾತ

ಆಳಂದ, ಅಫಜಲಪುರ, ಜೇವರ್ಗಿ, ಯಾವ ಊರಿನ ಬಸ್‌ಸ್ಟ್ಯಾಂಡಿನ ಎದುರು ನಿಂತರೂ ಅವನ ಅಂಗಡಿ ಕಾಣುತ್ತದೆ. ಬೋರ್ಡಿನ ಮೇಲೆ ಡ್ರೋನ್, 4ಕೆ, ಕ್ಯಾಂಡಿಡ್. ಒಳಗೆ ಕರಿ ಪರದೆ, ಎರಡು ಮಾನಿಟರ್, ಯುಪಿಎಸ್ ಮೇಲೆ ಊದಿನಕಡ್ಡಿ. ಫ್ಯಾನು ಕಂಪ್ಯೂಟರಿನ ಕಡೆಗೆ. ಗಿರಾಕಿಗೆ ಹಳೇ ಪೇಪರು.

"ಲಗ್ನದ ವಿಡಿಯೋ ಆತೇನೋ ತಮ್ಮಾ?"

"ಎಕ್ಸ್‌ಪೋರ್ಟಿಗೆ ಹಚ್ಚೀನ್ರೀ ಕಾಕಾ."

ಇದಕ್ಕೆ ಎದುರು ಮಾತಿಲ್ಲ. ಒಲೆಯ ಮೇಲಿಟ್ಟ ಬ್ಯಾಳಿಯನ್ನು ಬೇಗ ಬೇಯಿ ಎನ್ನಲಾದೀತೆ? ಎಡಿಟಿಂಗೇ ಶುರುವಾಗದ ಎಷ್ಟೋ ಲಗ್ನಗಳು ಅವನಲ್ಲಿ ತಿಂಗಳುಗಟ್ಟಲೆ ಎಕ್ಸ್‌ಪೋರ್ಟಿನಲ್ಲೇ ಇರುತ್ತವೆ. ಮೇ ತಿಂಗಳಲ್ಲಂತೂ ಸುಳ್ಳಿಗೆ ಬಿಸಿಲೇ ಸಾಕ್ಷಿ: ಪಾರಾ 42 ದಾಟಿದರೆ ಕಂಪ್ಯೂಟರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಹಾಗಂತ ಕೆಲಸ ಬಾರದವನಲ್ಲ. ಅಕ್ಕಿಕಾಳು ಬೀಳುವ ಸೀನಿನಲ್ಲಿ ಅವನ ಕೈ ನೋಡಬೇಕು. ಸಾವಿರಾರು ಕಾಳು ಒಮ್ಮೆಲೇ ಹಾರಿದರೆ ಕಡಿಮೆ ಬಿಟ್‌ರೇಟಿನಲ್ಲಿ ಮದುಮಕ್ಕಳ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಅದಕ್ಕೇ ಎರಡು ಪಾಸ್ ಓಡಿಸುತ್ತಾನೆ: ಮೊದಲನೆಯದರಲ್ಲಿ ಎಲ್ಲಿ ಗದ್ದಲ ಹೆಚ್ಚೆಂದು ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಅಲ್ಲಿಗೆ ಬಿಟ್ ಹೆಚ್ಚು ಸುರಿಯುತ್ತದೆ. ಹೊತ್ತು ಹೆಚ್ಚುಕಡಿಮೆ ಇಮ್ಮಡಿ. ಈ ಒಂದು ಮಾತು ಮಾತ್ರ ನಿಜ. ಅದನ್ನೇ ಯಾರೂ ನಂಬುವುದಿಲ್ಲ.

ಮೊನ್ನೆ ಕಾಕಾ ಚಂಚಿಯಿಂದ ಸುಣ್ಣ ಮೆತ್ತಿದ ಪೆನ್‌ಡ್ರೈವ್ ತೆಗೆದ. 32 ಜಿಬಿ, ಪೂರಾ ಖಾಲಿ. ಫೈಲು 11 ಜಿಬಿ. ಹಾಕಿದರೆ ಹೋಗಲೊಲ್ಲದು.

"ಅಲ್ಲೋ, 32ರಾಗ 11 ಹಿಡ್ಯಂಗಿಲ್ಲಂದ್ರ ಇದ್ಯಾವ ಲೆಕ್ಕ?"

"ಜಾಗ ಅದ ಕಾಕಾ. ಆದ್ರ ಇದು ಫ್ಯಾಟ್32, ಒಂದೊಂದು ಫೈಲು 4 ಜಿಬಿ ದಾಟಬಾರದು."

ಎಕ್ಸ್‌ಫ್ಯಾಟಿಗೆ ಬದಲಿಸಿಕೊಟ್ಟ, ಕಾಕಾನ ಮನೆಯ ಟಿವಿ ಅದನ್ನು ಓದಲಿಲ್ಲ. ಮತ್ತೆ ಫ್ಯಾಟ್32ಕ್ಕೇ ಮರಳಿ, ಫೈಲು ಸಣ್ಣದಾಗಲಿ ಎಂದು ಎಚ್.265 ಮಾಡಿದ, ಸನಾದಿ ಕೇಳಿತು, ಮದುಮಗಳು ಕಾಣಲಿಲ್ಲ. ಕಡೆಗೆ ಹಳೇ ಎಚ್.264ಕ್ಕೇ ಬಂದ. ಸೆಕೆಂಡಿಗೆ 8 ಮೆಗಾಬಿಟ್ ಇಟ್ಟರೆ ಗಂಟೆಗೆ 3.6 ಜಿಬಿ, ಅಂದರೆ ಗಂಟೆಗೊಂದು ಫೈಲು. ಕ್ಯಾಮೆರಾ ಗಂಟೆಗೆ 45 ಜಿಬಿ ಕೊಟ್ಟಿತ್ತು ಎಂಬುದನ್ನು ಅವನು ಹೇಳಲೂ ಇಲ್ಲ, ಕಾಕಾ ಕೇಳಲೂ ಇಲ್ಲ.

ಅಂಗಡಿಯಲ್ಲೇ ಕೂತು ನೋಡಿದರು. ಅಕ್ಕಿಕಾಳು ಒಂದೊಂದೂ ಎಣಿಸುವಂತಿತ್ತು. ಆತ ಶಭಾಷ್‌ಗಿರಿಗೆ ಕಾದ.

"ಅದನ್ನ ಮುಂದ ಓಡ್ಸೋ. ಆಯೇರಿ ತೋರ್ಸು. ಬೀಗ ಕೊಟ್ಟದ್ದು ನೂರರ ನೋಟೋ ಐನೂರರದೋ?"

ಆಗ ನೋಡಿ 4ಕೆ ಸಾರ್ಥಕವಾಯಿತು. ಮೂಲ ಫೈಲು ತೆಗೆದು ನೋಟಿನ ಮೇಲೆ ಜೂಮ್ ಮಾಡಿದ. ನೂರು. ಸಂಶಯವೇ ಇಲ್ಲ.

"ಇದಿಷ್ಟು ಬೀಗರ ವಾಟ್ಸಪ್ಪಿಗೆ ಬಿಡು."

ಬಿಟ್ಟ. ವಾಟ್ಸಪ್ಪು ಅದನ್ನು ಮತ್ತೊಮ್ಮೆ ಹಿಂಡಿ ದಾಟಿಸಿತು. ಬೀಗರಿಂದ ಕೂಡಲೇ ಉತ್ತರ ಬಂತು: ಕಣ್ಣು ಬಿಟ್ಟು ನೋಡ್ರಿ, ಐನೂರು.