ಸ್ಟಿಕ್ಕರ್ ಉದುರಿದ ಸಾಹೇಬರು

(ಈ ಸಲ ದೀಪಾವಳಿಗೆ ಸುಣ್ಣ ಹಚ್ಚಿಸುವಾಗ, ಸಿಂಧನೂರಿನ ನಮ್ಮ ಮನೆಯ ಸಜ್ಜಾದ ಮೇಲಿಂದ ಹಿತ್ತಾಳೆ ಕೊಡದ ಹಿಂದೆ ಕೂತಿದ್ದ ಹಳೇ ವಿಡಿಯೋ ಗೇಮ್ ಕೆಳಗಿಳಿಯಿತು. ಧೂಳು ಒರೆಸಿದ್ದೇ ತಡ, ಮಾತಿಗೆ ಕೂತುಬಿಟ್ಟಿತು.)

ನಾನು: ಅಡಾಪ್ಟರ್ ಇಲ್ಲ, ಟಿವಿ ಇಲ್ಲ. ಮಾತು ಹೇಗೆ ಬರುತ್ತಿದೆ?

ಗೇಮ್: ನಮ್ಮ ರಾಯಚೂರು ಜಿಲ್ಲಾದ ಶಕ್ತಿನಗರದ ವಿದ್ಯುತ್ ಸ್ಥಾವರದ ಮೊದಲ ಘಟಕ ಶುರು ಆಗಿದ್ದು 1985ರಾಗ. ಜಪಾನಿನಾಗ ಸೂಪರ್ ಮಾರಿಯೋ ಆಟ ಬಂದಿದ್ದೂ ಅದೇ ವರ್ಷ. ಇಬ್ಬರೂ ಒಂದೇ ವಾರಿಗಿಯವರು. ಆದ್ರ ಮಾರಿಯೋ ಕೊನೀ ಕೋಟಿ ಬಾಗಿಲಿಗೆ ಬಂದು ನಿಂತಾಗಲೇ ಕರೆಂಟ್ ಹೋಗ್ತಿತ್ತು. ಆಟ ಉಳಿಸಿಡೋ ವ್ಯವಸ್ಥಾ ನನ್ನ ಹೊಟ್ಟ್ಯಾಗ ಇಲ್ಲ, ಮತ್ತ ಮೊದಲಿಂದ. ರಾಜ್ಯಕ್ಕ ಕರೆಂಟ್ ಕೊಡೋ ಜಿಲ್ಲಾದಾಗ ಬಾಳುವೆ ಮಾಡೀನಿ, ಕರೆಂಟ್ ಇಲ್ಲದ ಮಾತಾಡೋದು ಕಲೀದಿದ್ರ ಹೆಂಗ್ರೀ?

ನಾನು: ತಮ್ಮ ಶುಭನಾಮ?

ಗೇಮ್: ಸ್ಟಿಕ್ಕರ್ ಮ್ಯಾಲ ಇತ್ತು, ಉದುರೇತಿ. ಇದ್ದಾಗಲೂ ಸುಳ್ಳೇ ಇತ್ತು ಬಿಡ್ರಿ. ನಾ ಕ್ಯೋಟೋದ ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್‌ನ ನಕಲಿ. ಅಸಲಿ ಹುಟ್ಟಿದ್ದು 1983ರ ಜುಲೈ 15ಕ್ಕ, 14,800 ಯೆನ್ನಿಗೆ. ಆ ಕಂಪನಿ 1889ರಾಗ ಅಂಗಡಿ ತೆರೆದದ್ದು ಹೂವಿನ ಚಿತ್ರದ ಆಟದ ಎಲಿ ಮಾರಾಕ. ಮಗ ಇಸ್ಪೀಟ್ ಮಂದಿ ಸಂಗ ಮಾಡಬಾರದು ಅಂತ ನಿಮ್ಮಪ್ಪಾರು ನನ್ನ ಮನಿಗೆ ತಂದ್ರು. ತಂದಿದ್ದು ಇಸ್ಪೀಟ್ ಮನೆತನದ ಮೊಮ್ಮಗನ್ನ, ಅದೂ ಕಳ್ಳ ಮೊಮ್ಮಗನ್ನ!

ನಾನು: ವಂಶದ ಮೂಲಪುರುಷರು?

ಗೇಮ್: ರಾಲ್ಫ್ ಬೇರ್ ಅಂತ, ಜರ್ಮನಿಯಾಗ ಹುಟ್ಟಿ ಅಮೆರಿಕಾದಾಗ ಎಂಜಿನಿಯರ್ ಆದಾಂವ. ಅವನ ವಿಚಾರದಿಂದ 1972ರಾಗ ಮ್ಯಾಗ್ನಾವಾಕ್ಸ್ ಒಡಿಸ್ಸಿ ಬಂತು. ಅದಕ್ಕ ದನಿ ಇಲ್ಲ, ಬಣ್ಣ ಇಲ್ಲ. ಬಣ್ಣದ ಪ್ಲಾಸ್ಟಿಕ್ ಹಾಳಿ ಟಿವಿ ಗಾಜಿಗೆ ಅಂಟಿಸಿಕೊಂಡು ಆಡಬೇಕಿತ್ತು. ನಗಬ್ಯಾಡ್ರಿ, ಕಪ್ಪು-ಬಿಳುಪು ಟಿವಿಗೆ ಮೂರು ಬಣ್ಣದ ಹಾಳಿ ಹಚ್ಚಿ ‘ಕಲರ್ ಟಿವಿ’ ಅಂದವರು ನೀವೂ ಹೌದಲ್ಲ?

ನಾನು: ನಿಮ್ಮ ಕುಲ ಅಮೆರಿಕಾದಲ್ಲಿ ಒಮ್ಮೆ ಮಣ್ಣುಪಾಲಾಯಿತಂತೆ?

ಗೇಮ್: ಆಯ್ತಲ್ಲ, ಖರೇನ ಮಣ್ಣುಪಾಲಾಯ್ತು. 1983ರಾಗ ಪ್ಯಾಟಿ ಬಿದ್ದು ಹೋತು. ಅಟಾರಿ ಕಂಪನಿಯವರು ಮಾರಾಟ ಆಗದ ಕ್ಯಾಸೆಟ್‌ಗಳನ್ನ ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಊರಿನ ತಿಪ್ಪ್ಯಾಗ ಹೂತರು. 2014ರಾಗ ಅಗೆದು ಹೊರಗ ತೆಗೆದರು, ವಸ್ತುಸಂಗ್ರಹಾಲಯದಾಗೂ ಇಟ್ಟರು. ಅಗಿಯೋ ಮಾತು ನಿಮಗ ಹೊಸಾದಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟ್ಯಾಗ ಅಗೆದ್ರ ಚಿನ್ನ. ಮಸ್ಕ್ಯಾಗ ಏನಾತು? 1915ರಾಗ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕ್ಕೋಂತ ಬಂದ, ಗುಡ್ಡದಾಗ ಅಶೋಕನ ಶಾಸನ ಕಂಡ. ದೇವಾನಾಂಪ್ರಿಯ ಅಂದ್ರ ಅಶೋಕನೇ ಅಂತ ಗಟ್ಟಿ ಆಗಿದ್ದು ಆ ಕಲ್ಲಿನಿಂದ, ಹೆಸರು ಚಂದಾಗಿ ಕೆತ್ತಿತ್ತು. ಅವನ ಸ್ಟಿಕ್ಕರ್ ಎರಡು ಸಾವಿರ ವರ್ಷ ದಾಟಿದ್ರೂ ಉದುರಿಲ್ಲ. ನಂದು ಎರಡು ಬ್ಯಾಸಿಗಿ ತಡೀಲಿಲ್ಲ.

ನಾನು: ನಿಮ್ಮ ಕ್ಯಾಸೆಟ್ ಮೇಲೆ ‘9999 ಆಟ’ ಎಂದಿತ್ತು. ನಾನು ಎಣಿಸಿದ್ದು ಆರು.

ಗೇಮ್: ತುಂಗಭದ್ರಾ ಎಡದಂಡೆ ಕಾಲುವಿ ಕೊನೀ ಭಾಗದ ರೈತರನ್ನ ಕೇಳ್ರಿ, ಕಾಗದದ ಮ್ಯಾಲ ನೀರು ಎಷ್ಟು, ಗದ್ದಿಗೆ ಬರೋದು ಎಷ್ಟು ಅಂತ. ಅದೇ ಲೆಕ್ಕ ನಂದು. ಅಸಲಿಯವರೇನು ಕಮ್ಮಿ? ಮಾರಿಯೋ ಆಟದಾಗ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಿಳಿ ಬಳಿದ್ರ ಮೋಡ, ಹಸಿರು ಬಳಿದ್ರ ಪೊದೆ. ಇಡೀ ಆಟ ಬರೇ 40 ಕಿಲೋಬೈಟು. ದಿನಾ ಮುಂಜಾನೆ ನಿಮ್ಮ ಮೊಬೈಲಿಗೆ ಬಂದು ಬೀಳೋ ಶುಭೋದಯದ ಫೋಟೋ ಅದಕ್ಕಿಂತ ದಪ್ಪ ಇರತೈತಿ.

(ಒಪ್ಪಲೇಬೇಕು. ಆ ಆರು ಆಟಗಳಿಗಾಗಿಯೇ ನಾನು ಮತ್ತು ಲಿಂಗಸುಗೂರಿನ ನಮ್ಮ ಸೋದರಮಾವನ ಮಗ ಕ್ಯಾಸೆಟ್ ಅದಲು-ಬದಲು ಮಾಡಿಕೊಳ್ಳುತ್ತಿದ್ದೆವು. ಬಸ್ಸು ಮಸ್ಕಿಯಲ್ಲಿ ನಿಂತಾಗ ಕ್ಯಾಸೆಟ್ಟಿನ ಬಾಯಿಗೆ ಒಮ್ಮೆ ಊದಿ, ಮತ್ತೆ ಕೈಚೀಲಕ್ಕೆ ಇಡುವುದು. ಊದಿದರೆ ಆಟ ಹತ್ತುತ್ತದೆ ಎಂಬ ನಂಬಿಕೆ ಮೂರೂ ಊರಿನಲ್ಲಿತ್ತು.)

ಗೇಮ್: ಊದಿದ್ದಕ್ಕಲ್ಲರೀ ಹತ್ತಿದ್ದು, ತೆಗೆದು ಮತ್ತ ಹಾಕಿದ್ದಕ್ಕ. ನಿಮ್ಮ ಎಂಜಲಕ್ಕ ತಂತಿ ತುಕ್ಕು ಹಿಡೀತು, ಅಷ್ಟ.

ನಾನು: ನಕಲಿ ಅನ್ನೋ ನಾಚಿಕೆ ಇಲ್ಲವೇ?

ಗೇಮ್: ಅಸಲಿ ಬರೋ ದಾರ್ಯಾಗ ಸಿಂಧನೂರು ಇರಲಿಲ್ಲ. ಪುಸ್ತಕದಾಗ ಒಂದನೇ ತಲೆಮಾರು, ಎರಡನೇ ತಲೆಮಾರು ಅಂತ ಸಾಲಾಗಿ ಬರೀತಾರ. 1994ರಾಗ ಪ್ಲೇಸ್ಟೇಷನ್ ಬಂತು, 2000ದಾಗ ಎರಡನೇದು ಬಂತು. ನಿಮ್ಮ ಓಣ್ಯಾಗ ಆಗಲೂ ನಾನೇ ಮೊದಲನೇ ತಲೆಮಾರು, ನಾನೇ ಕೊನೀದು. ಹನುಮಂತ ಹುಟ್ಟಿದ ಗುಡ್ಡ ಅಂತ ಮಂದಿ ನಂಬೋ ಅಂಜನಾದ್ರಿ ಇರೋದು ಇಲ್ಲೇ ಆನೆಗೊಂದಿ ಹತ್ರ. ಆದ್ರ 2009ರಾಗ ಪ್ಲೇಸ್ಟೇಷನ್ನಿಗೆ ಹನುಮಂತನ ಆಟ ಮಾಡಿದ್ದು ಹೈದರಾಬಾದಿನವರು. ಸಮುದ್ರ ಹಾರಿದ ಮಹಾನುಭಾವ ನಿಮ್ಮ ಸಜ್ಜಾಕ್ಕಂತೂ ಹಾರಲಿಲ್ಲ.

ನಾನು: ಕೊನೆಯ ಪ್ರಶ್ನೆ. ನಿಮ್ಮ ಜೊತೆಗೆ ಬಂದೂಕೂ ಸಿಕ್ಕಿದೆ. ಬಾತುಕೋಳಿ ಹೊಡೆಯುವ ಆಟ ಆಡೋಣವೇ? ಹೊಸ ಎಲ್‌ಇಡಿ ಟಿವಿ ಇದೆ.

ಗೇಮ್: ಬೀಳೂದಿಲ್ಲರೀ. ಕುದುರಿ ಎಳೆದ ಕೂಡ್ಲೆ ಪರದೆ ಕಣ್ಣು ಮಿಟುಕಿಸೋದ್ರಾಗ ಕಪ್ಪಾಗತೈತಿ, ಬಾತುಕೋಳಿ ಇದ್ದಲ್ಲಿ ಬಿಳೀ ಚೌಕ ಮೂಡತೈತಿ. ಬಂದೂಕಿನ ತುದ್ಯಾಗ ಇರೋ ಕಣ್ಣು ಆ ಬೆಳಕು ನೋಡಿ ‘ಬಿತ್ತು’ ಅಂತದ. ಗುಂಡು ಟಿವಿಗೆ ಹೋಗೋದಲ್ಲ, ಟಿವಿಯ ಬೆಳಕು ಬಂದೂಕಿಗೆ ಬರೋದು. ಹಳೇ ಡಬ್ಬಾ ಟಿವಿಯ ತಾಳಕ್ಕ ಕಟ್ಟಿದ್ದು ಇದು, ನಿಮ್ಮ ಹೊಸ ಟಿವಿ ಚಿತ್ರ ತೋರಿಸೋದು ತುಸು ತಡ. ಅಷ್ಟರಾಗ ಬಾತುಕೋಳಿ ಪಾರು, ಆಟದಾಗಿನ ನಾಯಿ ಎದ್ದು ನಿಮ್ಮನ್ನ ನೋಡಿ ನಗತೈತಿ.

(ಹೀಗಾಗಿ ಓದುಗರಲ್ಲಿ ವಿನಂತಿ: ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಯಾರ ಮನೆಯಲ್ಲಾದರೂ ನಡೆಯುವ ಡಬ್ಬಾ ಟಿವಿ ಮತ್ತು 9 ವೋಲ್ಟಿನ ಅಡಾಪ್ಟರ್ ಇದ್ದರೆ ಗುಜರಿಗೆ ಹಾಕಬೇಡಿ. ಹೊತ್ತು ತಂದವರಿಗೆ ಒಗ್ಗರಣಿ-ಮಿರ್ಚಿ ನನ್ನ ಲೆಕ್ಕದಲ್ಲಿ. ಎರಡನೇ ರಿಮೋಟಿನ ಬಿ ಬಟನ್ ಮಾತ್ರ ಒತ್ತಿದರೆ ಮೇಲೇಳುವುದಿಲ್ಲ.)