ಓವರ್‌ಸೈಜ್ ರಾಯರು

"ಇದು ಮುಗೀತು ಸಾರ್, ಹೊಸದು ಹಾಕಿಸಿಬಿಡಿ" ಎಂದು ನಮ್ಮ ರಾಯರ ಮುಂದೆ ಬಾಯಿಬಿಟ್ಟ ಮೆಕ್ಯಾನಿಕ್ಕು ಅವತ್ತಿಗೆ ಒಬ್ಬ ಗಿರಾಕಿಯನ್ನು ಕಳೆದುಕೊಂಡ ಎಂದೇ ಲೆಕ್ಕ. ರಾಯರು ಜಗಳವಾಡುವವರಲ್ಲ. ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಏರಿಸಿಕೊಂಡು, "ಎಷ್ಟು ವರ್ಷ ಆಯ್ತಪ್ಪ ನೀನು ಈ ಕೆಲಸಕ್ಕೆ ಬಂದು?" ಎಂದು ಕೇಳುತ್ತಾರೆ. ಉತ್ತರ ಏನೇ ಬರಲಿ, ತಂದ ಸಾಮಾನನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ಎದ್ದುಬಿಡುತ್ತಾರೆ.

ಅವರ ಮನೆ ಮೈಸೂರಿನ ಒಂಟಿಕೊಪ್ಪಲಿನಲ್ಲಿ. ಆದರೆ ಈ ತಳಿ ಒಂಟಿಕೊಪ್ಪಲಿಗೇ ಮೀಸಲೇನಲ್ಲ, ಹಾಸನದಲ್ಲೂ ಉಂಟು, ಹುಬ್ಬಳ್ಳಿಯಲ್ಲೂ ಉಂಟು. ಗುರುತು ಹಿಡಿಯುವುದು ಸುಲಭ. ಕೊಡೆಯ ಬಟ್ಟೆ ಒಂದು ಕಾಲದ್ದು, ಕಡ್ಡಿಗಳು ಇನ್ನೊಂದು ಕಾಲದವು, ಹಿಡಿ ಯಾವುದೋ ಮೂರನೇ ಕೊಡೆಯದು. ಮಣಿಕಟ್ಟಿನಲ್ಲಿ ಎಚ್‌ಎಂಟಿ ವಾಚು. ಅದನ್ನು ಮಾಡಿದ ಕಾರ್ಖಾನೆ ಬಾಗಿಲು ಹಾಕಿತು, ವಾಚು ಮಾತ್ರ ನಿಂತಿಲ್ಲ, ನಿಲ್ಲಲು ಇವರು ಬಿಟ್ಟಿಲ್ಲ. ಮಿಕ್ಸಿ ಜಾರಿಗೆ ಬುಷ್ ಹಾಕಿಸಿದ್ದು ಎಷ್ಟು ಸಲವೋ! ಅಷ್ಟು ದುಡ್ಡಿಗೆ ಹೊಸ ಜಾರೇ ಬರುತ್ತಿತ್ತೆಂದು ಅವರ ಮನೆಯವರು ಒಮ್ಮೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ರಾಯರು ಕೂಡಿದ್ದು ಸರಿಯಿದೆಯೇ ಎಂದು ಎರಡು ಸಲ ನೋಡಿದರು. ಲೆಕ್ಕ ಒಪ್ಪಿದರು, ತೀರ್ಮಾನ ಒಪ್ಪಲಿಲ್ಲ.

ಹಾಗೆಂದು ರಾಯರನ್ನು ಜಿಪುಣರೆಂದು ತಿಳಿದರೆ ಅನ್ಯಾಯವಾದೀತು. ಜಿಪುಣನಿಗೆ ದುಡ್ಡು ಉಳಿಯಬೇಕು. ರಾಯರಿಗೆ ಸಾಮಾನು ಉಳಿಯಬೇಕು, ಅದಕ್ಕೆ ಎಷ್ಟು ಖರ್ಚಾದರೂ ಚಿಂತೆಯಿಲ್ಲ.

ಓವರ್‌ಸೈಜ್ ಎಂಬ ಬಿರುದು ಬಂದದ್ದು ಅವರ ಮೈಕಟ್ಟಿನಿಂದಲ್ಲ. ಮೈಕಟ್ಟು ನೋಡಿದರೆ ಅಂಡರ್‌ಸೈಜ್ ಎನ್ನಬೇಕಾಗುತ್ತದೆ. ಬಿರುದು ತಂದದ್ದು ಯೆಜ್ಡಿ ಮೋಟಾರ್‌ಸೈಕಲ್ಲು. ಅವರ ಮನೆಗೆ ಕೂಗಳತೆಯಲ್ಲೇ ಯಾದವಗಿರಿ. 1961ರಿಂದ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳು ಹೊರಬಂದವು, 1973ರ ಮೇಲೆ ಯೆಜ್ಡಿ ಎಂಬ ಹೆಸರು ಹೊತ್ತವು, 1996ಕ್ಕೆ ಎಲ್ಲವೂ ನಿಂತಿತು. ಕಾರ್ಖಾನೆ ನಿಂತ ದಿನ ಊರಿನವರಿಗೆ ದುಃಖವಾಯಿತು. ರಾಯರಿಗೆ ದುಃಖದ ಜೊತೆಗೆ ಒಂದು ಗುಪ್ತ ಸಮಾಧಾನವೂ ಆಗಿರಬೇಕೆಂದು ನನ್ನ ಗುಮಾನಿ. ಇನ್ನು ಮೇಲೆ ಯಾವನೂ "ಕಂಪನಿ ಸಾಮಾನು ಹೊಸದು ತಗೊಳ್ಳಿ" ಎನ್ನುವ ಹಾಗಿಲ್ಲವಲ್ಲ!

ಯೆಜ್ಡಿಯ ಬ್ಲಾಕಿನ ತೂತು ಕಾರ್ಖಾನೆ ಬಿಟ್ಟಾಗ 65 ಮಿಲಿಮೀಟರ್. ಅದರೊಳಗೆ ಪಿಸ್ಟನ್ನು ಮೇಲೆ ಕೆಳಗೆ ಉಜ್ಜಿ ಉಜ್ಜಿ ಗೋಡೆ ಸವೆಯುತ್ತದೆ, ಅದೂ ಸಮನಾಗಿ ಅಲ್ಲ. ರಿಂಗು ಹೋಗಿ ಹಿಂತಿರುಗುವ ಮೇಲ್ತುದಿಯಲ್ಲಿ ಹೆಚ್ಚು, ಪಿಸ್ಟನ್ನು ಒರಗುವ ಪಕ್ಕದಲ್ಲಿ ಹೆಚ್ಚು. ದುಂಡಗಿದ್ದದ್ದು ಅಂಡಾಕಾರಕ್ಕೆ ತಿರುಗುತ್ತದೆ, ಗಾಡಿ ಹೊಗೆ ಉಗುಳುತ್ತದೆ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಎತ್ತಿಕೊಂಡು ಹೋಗುತ್ತಾರೆ. ಆಗ ಲೇತಿನ ಅಂಗಡಿಗೆ ಕೊಟ್ಟು ತೂತನ್ನು ಕಾಲು ಮಿಲಿಮೀಟರ್ ದೊಡ್ಡದು ಮಾಡಿಸಿ, ಅಷ್ಟೇ ದೊಡ್ಡ ಪಿಸ್ಟನ್ನು ಹಾಕಬೇಕು. ಅದೇ ರೀಬೋರು, ಅದೇ ಓವರ್‌ಸೈಜು. ಹೀಗೆ ಕಾಲು, ಅರೆ, ಮುಕ್ಕಾಲು, ಒಂದು ಎಂದು ನಾಲ್ಕು ಸಲ ಮಾಡಬಹುದು. ನಾಲ್ಕನೆಯದಾದಾಗ ತೂತು 66 ಮಿಲಿಮೀಟರ್. 250 ಎಂದು ಕರೆಯುವ ಎಂಜಿನ್ನು ಲೆಕ್ಕಕ್ಕೆ 256 ಸಿಸಿ ದಾಟಿರುತ್ತದೆ.

"ನೋಡಿ, ವಯಸ್ಸಾದ ಹಾಗೆ ನಮಗೆಲ್ಲ ಶಕ್ತಿ ಕುಗ್ಗುತ್ತೆ. ನನ್ನ ಗಾಡಿಗೆ ಸಿಸಿ ಏರುತ್ತೆ" ಎನ್ನುವುದು ರಾಯರ ಹೆಮ್ಮೆ.

ಲೇತಿನ ಅಂಗಡಿಯ ಸಾಬರು ಬ್ಲಾಕಿನೊಳಗೆ ಗೇಜು ಇಳಿಸಿ, ಒಂದು ಕಣ್ಣು ಮುಚ್ಚಿ ಮುಳ್ಳನ್ನು ನೋಡುವಾಗ ರಾಯರು ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಮಗನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ಅವರು ಅಷ್ಟು ತಳಮಳಿಸಿರಲಿಲ್ಲವಂತೆ. ಕೊನೆಗೆ ಸಾಬರು ತಲೆಯೆತ್ತಿ, "ಇನ್ನೊಂದು ಬೋರು ಬರುತ್ತೆ ಸಾರ್" ಎಂದರೆ ಮುಗಿಯಿತು, ಅವತ್ತು ಅಂಗಡಿಯ ಹುಡುಗರಿಗೆಲ್ಲ ರಾಯರ ಲೆಕ್ಕದಲ್ಲಿ ಟೀ.

ಬೋರು ಮಾಡಿಸಿದ ಮೇಲೆ ರನ್ನಿಂಗ್-ಇನ್. ಹೊಸ ರಿಂಗು ಹೊಸ ಗೋಡೆಗೆ ಹೊಂದಿಕೊಳ್ಳುವ ತನಕ ಗಾಡಿಯನ್ನು ಮೆಲ್ಲಗೆ ಓಡಿಸಬೇಕು, ಏರು ಹತ್ತಿಸಬಾರದು, ಹಿಂದೆ ಭಾರ ಕೂರಿಸಬಾರದು. ರಾಯರ ಗಾಡಿಯನ್ನು ಯಾವಾಗ ನೋಡಿದರೂ ರನ್ನಿಂಗ್-ಇನ್‌ನಲ್ಲೇ ಇರುತ್ತದೆ. "ಚಾಮುಂಡಿ ಬೆಟ್ಟಕ್ಕೆ ಹೋಗಿಬರೋಣ ಅಂದ್ರೆ" ಎಂದು ಮನೆಯವರು ಶುರುಮಾಡುವಷ್ಟರಲ್ಲಿ, "ರನ್ನಿಂಗ್-ಇನ್ ಮುಗೀಲಿ ಕಣೇ" ಎಂಬ ಉತ್ತರ ಸಿದ್ಧ. ಆಕೆ ಆಷಾಢ ಶುಕ್ರವಾರಗಳನ್ನೆಲ್ಲ ಸಿಟಿ ಬಸ್ಸಿನಲ್ಲೇ ಮುಗಿಸಿದ್ದಾರೆ. ರನ್ನಿಂಗ್-ಇನ್ ಮುಗಿಯುವ ಹೊತ್ತಿಗೆ ಮುಂದಿನ ಬೋರಿಗೆ ಗಾಡಿ ಹಣ್ಣಾಗಿರುತ್ತದೆ.

ನಾಲ್ಕೂ ಬೋರು ಮುಗಿದ ವರ್ಷ ರಾಯರ ಮುಖ ನೋಡಲಾಗುತ್ತಿರಲಿಲ್ಲ. ಗುಜರಿಯವನು ಬೀದಿಯಲ್ಲಿ ಕೂಗಿಕೊಂಡು ಹೋದರೆ ಗೇಟಿಗೆ ಚಿಲಕ ಹಾಕಿ ಬರುತ್ತಿದ್ದರು. ಆಗ ಕೈಹಿಡಿದದ್ದು ಸ್ಲೀವು. ಬ್ಲಾಕಿನ ತೂತನ್ನು ಇನ್ನೂ ಅಗಲ ಮಾಡಿ, ಬ್ಲಾಕನ್ನು ಕಾಯಿಸಿ, ಎರಕದ ಕಬ್ಬಿಣದ ಒಂದು ಕೊಳವೆಯನ್ನು ಬಿಗಿಯಾಗಿ ಒಳಗಿಳಿಸುವುದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಉಸಿರಾಡುವ ಕಿಂಡಿಗಳೆಲ್ಲ ಗೋಡೆಯಲ್ಲೇ ಇರುವುದರಿಂದ ಆ ಕೊಳವೆಯಲ್ಲೂ ಹಳೆಯ ಕಿಂಡಿಗೆ ಸರಿಯಾಗಿ ಕಿಂಡಿ ಕೊರೆಯಬೇಕು. ಅಂಚು ಮಟ್ಟವಾಗದಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ. ಇಷ್ಟೆಲ್ಲ ಆದ ಮೇಲೆ ತೂತು ಮತ್ತೆ 65ಕ್ಕೆ ಬರುತ್ತದೆ. ಅಂದರೆ ಇನ್ನೂ ನಾಲ್ಕು ಬೋರು! ಅವತ್ತು ರಾಯರ ಮನೆಯಲ್ಲಿ ಪಾಯಸ. ಯಾವ ಹಬ್ಬವೆಂದು ಕೇಳಿದವರಿಗೆ ಮನೆಯವರು ಶೆಡ್ಡಿನ ಕಡೆ ಕೈ ತೋರಿಸಿದರಂತೆ.

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ. ಊರಿನ ಹಳೇ ಗಾಡಿಗಳೆಲ್ಲ ಒಂದೆಡೆ ಸೇರುತ್ತವೆ. ಹುಡುಗರು ಕ್ರೋಮು ಮಿಂಚಿಸಿಕೊಂಡು ಬಂದಿರುತ್ತಾರೆ. ರಾಯರು ಒಂದೊಂದು ಗಾಡಿಯನ್ನೂ ಸುತ್ತು ಹಾಕಿ ನೋಡಿ, "ಟ್ಯಾಂಕು ಹೊಸದು, ಮಡ್‌ಗಾರ್ಡು ಹೊಸದು, ಸೈಲೆನ್ಸರು ಹೊಸದು. ಹಳೇದು ಅಂದ್ರೆ ನಂಬರ್ ಒಂದೇ ಅಲ್ವೇನಪ್ಪ?" ಎಂದು ಮುಂದಕ್ಕೆ ಹೋಗುತ್ತಾರೆ. ಅವರು ಹೋದ ಮೇಲೆ ಆ ಹುಡುಗ ಸೆಲ್ಫಿ ತೆಗೆದುಕೊಳ್ಳುವ ಉತ್ಸಾಹವನ್ನೇ ಕಳೆದುಕೊಂಡಿರುತ್ತಾನೆ.

ಇಂಥ ರಾಯರಿಗೂ ಒಂದು ಧರ್ಮಸಂಕಟ ಬಂತು. ತಂದವನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಕ್ಕನ ಮಗ. ಎಲ್ಲರಂತೆ ಸುಮ್ಮನೆ ಒಂದು ಕಾರು ಕೊಳ್ಳುವುದು ಬಿಟ್ಟು, ಹತ್ತಾರು ವರ್ಷ ಓಡಿದ ರೋಟರಿ ಎಂಜಿನ್ನಿನ ಸ್ಪೋರ್ಟ್ಸ್ ಕಾರನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ. ಅದು ಬಿಸಿಯಾದ ಮೇಲೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗದು. ಅಲ್ಲಿನ ವರ್ಕ್‌ಶಾಪಿನವರು ಬಿಚ್ಚಿ ನೋಡಿ, ಹೌಸಿಂಗ್ ಎರಡೂ ಹೋಗಿವೆ, ಹೊಸವು ಹಾಕಬೇಕು ಎಂದರಂತೆ. ಆ ಮಾತು ವಾಟ್ಸಾಪಿನ ಮೂಲಕ ಒಂಟಿಕೊಪ್ಪಲು ತಲುಪಿತು. ರಾಯರು ಕನ್ನಡಕ ಒರೆಸಿದರು.

"ಓವರ್‌ಸೈಜ್ ಹಾಕಿಸೋ."

"ಇದಕ್ಕೆ ಓವರ್‌ಸೈಜ್ ಬರಲ್ಲ ಮಾವ. ಪಿಸ್ಟನ್ನೇ ಇಲ್ಲ."

ಆ ಭಾನುವಾರ ರಾಯರು ಊಟ ಸರಿಯಾಗಿ ಮಾಡಲಿಲ್ಲ. ಪಿಸ್ಟನ್ ಇಲ್ಲದ ಎಂಜಿನ್ನು ಇರಬಹುದು, ದೇವರ ಸೃಷ್ಟಿಯಲ್ಲಿ ಏನೇನೋ ಇದೆ. ಆದರೆ ಓವರ್‌ಸೈಜ್ ಇಲ್ಲದ ಎಂಜಿನ್ನು!

ಮಾರನೆಯ ದಿನದಿಂದ ಅಧ್ಯಯನ. ವಾರ ಕಳೆಯುವಷ್ಟರಲ್ಲಿ ನಾವು, ಅಂದರೆ ಬೆಳಗಿನ ವಾಕಿಂಗಿನ ಜೊತೆಗಾರರು, ಫೆಲಿಕ್ಸ್ ವಾಂಕೆಲ್ ಎಂಬ ಜರ್ಮನ್ನನ ಜಾತಕವನ್ನೆಲ್ಲ ಕೇಳಿ ಮುಗಿಸಿದ್ದೆವು. ಆತನಿಗೆ ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ ಎಂಬುದು ರಾಯರಿಗೆ ಬಹಳ ಹಿಡಿಸಿತು. 1957ರಲ್ಲಿ ಎನ್‌ಎಸ್‌ಯು ಕಂಪನಿಯಲ್ಲಿ ಮೊದಲ ಎಂಜಿನ್ನು ತಿರುಗಿತು. ನಡು ಸ್ವಲ್ಪ ಒಳಕ್ಕೆ ಹಿಡಿದಂತಿರುವ ದೀರ್ಘವೃತ್ತದ ಗೂಡು, ಅದೇ ಹೌಸಿಂಗು. ಒಳಗೆ ಪಕ್ಕೆ ಉಬ್ಬಿದ ತ್ರಿಕೋನ. ತ್ರಿಕೋನದ ಮೂರು ಮೂಲೆಗೂ ಒಂದೊಂದು ಪಟ್ಟಿ, ಅಪೆಕ್ಸ್ ಸೀಲು. ತ್ರಿಕೋನ ಸುತ್ತುವಾಗ ಆ ಸೀಲುಗಳು ಗೂಡಿನ ಗೋಡೆಯನ್ನು ಒಂದು ಕ್ಷಣವೂ ಬಿಡದೆ ಸವರುತ್ತಲೇ ಇರಬೇಕು. ಅಲ್ಲೇ ಇರುವುದು ಗ್ರಹಚಾರ. ಹಿರೋಷಿಮಾದ ಮಾಜ್ದಾ ಕಂಪನಿಯವರು ಇದನ್ನು ಮಾಡಲು ಹೊರಟಾಗ ಗೋಡೆಯ ಮೇಲೆ ಸಾಲುಸಾಲಾಗಿ ಗೀರು ಬಿದ್ದವು. ಸೈತಾನನ ಉಗುರಿನ ಗುರುತು ಎಂದೇ ಅದಕ್ಕೆ ಹೆಸರಿಟ್ಟರು. ಕೆನಿಚಿ ಯಮಮೋಟೊ ಮತ್ತವರ ತಂಡದ ಎಂಜಿನಿಯರುಗಳು ವರ್ಷಗಟ್ಟಲೆ ತಿಣುಕಿ, ಸೀಲಿಗೆ ಬೇರೆ ವಸ್ತು ಹುಡುಕಿ, 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರನ್ನು ರಸ್ತೆಗೆ ಬಿಟ್ಟರು.

ಅದೇ 1967ರಲ್ಲಿ ಎನ್‌ಎಸ್‌ಯು ಬಿಟ್ಟ ಆರ್‌ಒ 80 ಕಾರಿನ ಸೀಲುಗಳು ಬೇಗ ಸೋತವು, ವಾರಂಟಿಯಲ್ಲಿ ಎಂಜಿನ್ನು ಬದಲಿಸಿ ಬದಲಿಸಿ ಕಂಪನಿ ಸುಸ್ತಾಯಿತು, 1969ಕ್ಕೆ ಫೋಕ್ಸ್‌ವ್ಯಾಗನ್ ಪಾಲಾಯಿತು. ಆ ಕಾರಿನವರು ರಸ್ತೆಯಲ್ಲಿ ಎದುರಾದರೆ ಕೈಬೀಸುವ ಬದಲು ಬೆರಳು ತೋರಿಸುತ್ತಿದ್ದರಂತೆ, ಇದು ಎಷ್ಟನೇ ಎಂಜಿನ್ನು ಎಂದು. ಈ ಕಥೆ ಕೇಳಿದಂದಿನಿಂದ ರಾಯರೂ ಎದುರು ಬರುವ ಯೆಜ್ಡಿಯವರಿಗೆಲ್ಲ ಬೋರಿನ ಲೆಕ್ಕದಲ್ಲಿ ಬೆರಳು ಎತ್ತತೊಡಗಿದರು. ಜನ ಅದನ್ನು ಬಲಕ್ಕೆ ತಿರುಗುವ ಸನ್ನೆ ಎಂದುಕೊಂಡು ಬ್ರೇಕ್ ಹಾಕಿ, ಒಮ್ಮೆ ಸರ್ಕಲ್ಲಿನಲ್ಲಿ ಪೊಲೀಸಿನವರೇ ಮಧ್ಯೆ ಬರಬೇಕಾಯಿತು.

ಓವರ್‌ಸೈಜ್ ಯಾಕಿಲ್ಲ ಎಂಬುದು ಕೊನೆಗೂ ಅವರಿಗೆ ಅರ್ಥವಾಯಿತು. ಹೌಸಿಂಗಿನ ಮೈ ಅಲ್ಯೂಮಿನಿಯಂ, ಒಳಮೈಗೆ ಉಕ್ಕಿನ ತಗಡು, ಅದರ ಮೇಲೆ ಗಟ್ಟಿ ಕ್ರೋಮಿನ ತೆಳು ಲೇಪ. ಅಂಚಿನಲ್ಲೂ ಸ್ಪಾರ್ಕ್ ಪ್ಲಗ್ಗಿನ ತೂತಿನ ಸುತ್ತಲೂ ಮೊದಲು ಚಕ್ಕೆ ಏಳುವುದು ಈ ಲೇಪವೇ. ಸಾಣೆ ಹಿಡಿದು ಗೂಡನ್ನು ದೊಡ್ಡದು ಮಾಡಿದರೆ ಕ್ರೋಮೇ ಹೋಗುತ್ತದೆ, ಹೋದ ಮೇಲೆ ತುಂಬಿಕೊಳ್ಳುವಂಥ ದೊಡ್ಡ ತ್ರಿಕೋನವನ್ನು ಯಾರೂ ಮಾಡುವುದಿಲ್ಲ. ಹಾಗಾದರೆ? ಎರಡು ದಿನ ಮೌನವಾಗಿ ವಾಕಿಂಗ್ ಮಾಡಿದ ರಾಯರು ಮೂರನೇ ದಿನ ಚೆಲುವಾಂಬ ಪಾರ್ಕಿನ ಬಾಗಿಲಲ್ಲೇ ನಿಂತು ಘೋಷಿಸಿದರು:

"ಕಲಾಯಿ! ನಮ್ಮಮ್ಮ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸ್ತಿದ್ರಲ್ಲ, ಹಾಗೆ. ಒಳಗಡೆ ಲೇಪ ಹೋಯ್ತು ಅಂತ ಯಾರಾದ್ರೂ ಪಾತ್ರೆ ಎಸೀತಾರೇನ್ರಿ? ಇಲ್ಲಿ ಕೆರೆಯೋದಲ್ಲ, ತುಂಬೋದು!"

ನಿಜಕ್ಕೂ ದಾರಿ ಅದೇ. ಹಳೇ ಕ್ರೋಮು ತೆಗೆದು, ಹೊಸ ಲೇಪವನ್ನು ಬೇಕಾದ್ದಕ್ಕಿಂತ ಸ್ವಲ್ಪ ದಪ್ಪಗೆ ಕೂರಿಸಿ, ಮತ್ತೆ ಮೂಲದ ಆಕಾರಕ್ಕೆ ಬರುವ ಹಾಗೆ ಸಾಣೆ ಹಿಡಿಯುವುದು. ಹೊರದೇಶಗಳಲ್ಲಿ ಅಂಥ ಕೆಲಸದವರಿದ್ದಾರೆ. ಆದರೆ ರಾಯರಿಗೆ ಹೊರದೇಶದವರ ಕೈಮೇಲೆ ನಂಬಿಕೆ ಕಡಿಮೆ. ಮಗನ ಮನೆಗೆ ಬಾಣಂತನಕ್ಕೆ ಹೋಗಿದ್ದ ಅಕ್ಕ ವಾಪಸು ಬರುವಾಗ ಎರಡೂ ಹೌಸಿಂಗುಗಳನ್ನು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವಂತೆ ಅಪ್ಪಣೆ ಮಾಡಿ, ಫೋಟೋ ಹಿಡಿದು ಸಾಬರ ಅಂಗಡಿಗೆ ಹೋದರು. ಸಾಬರು ಆ ನಡುಹಿಡಿದ ಗೂಡನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದರು, ಫೋನನ್ನು ಅಡ್ಡ ತಿರುಗಿಸಿಯೂ ನೋಡಿದರು.

"ಸಾರ್, ನನ್ನ ಲೇತು ದುಂಡಗೆ ಮಾತ್ರ ತಿರುಗುತ್ತೆ."

ಅಕ್ಕನ ಸೂಟ್‌ಕೇಸು ಉಳಿಯಿತು. ಕೆಲಸ ಅಲ್ಲೇ ಆಯಿತು. ಬಿಲ್ಲು ನೋಡಿದರೆ ಹೊಸ ಹೌಸಿಂಗಿಗೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಸೋದರಳಿಯ ಅಳುಮೋರೆ ಮಾಡಿದ್ದಕ್ಕೆ, "ದುಡ್ಡಿನ ಮಾತು ಬಿಡೋ, ಹಳೇದು ಉಳೀತಲ್ಲ" ಎಂದರು. ಆಮೇಲೆ ಬೇರೆ ವಿಚಾರಣೆ. ಆ ಎಂಜಿನ್ನು ಸೀಲುಗಳಿಗೆಂದು ಎಣ್ಣೆಯನ್ನು ತಾನೇ ಸ್ವಲ್ಪ ಸ್ವಲ್ಪ ಕುಡಿದು ಸುಡುವುದು, ಕೆಲವರು ಅದಕ್ಕೆ ಪೆಟ್ರೋಲಿನಲ್ಲೇ ಟೂ-ಸ್ಟ್ರೋಕ್ ಎಣ್ಣೆ ಬೆರೆಸುವುದು, ಎಲ್ಲ ರಾಯರಿಗೆ ಗೊತ್ತಾಗಿತ್ತು. "ನಮ್ಮ ಯೆಜ್ಡಿಗೆ ದಾಯಾದಿ ಕಣೋ ಅದು. ಎಣ್ಣೆ ನೋಡ್ತಿದ್ದೆಯೋ ಇಲ್ಲವೋ?" ಆ ಕಡೆಯಿಂದ ನೆಟ್‌ವರ್ಕ್ ಸರಿಯಿಲ್ಲ ಎಂಬ ಉತ್ತರ ಬಂತು.

ಈಗ ರಾಯರ ಎಡ ಮಂಡಿಯ ಸರದಿ. ಯೆಜ್ಡಿಯಲ್ಲಿ ಕಿಕ್ಕರು ಎಡಕ್ಕೆ. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರು. ಅಷ್ಟು ವರ್ಷ ಅದನ್ನು ಒದ್ದ ಕಾಲು ಅದು. ಆಸ್ಪತ್ರೆಯಲ್ಲಿ ಎಕ್ಸ್‌ರೇ ಎತ್ತಿ ಹಿಡಿದ ಡಾಕ್ಟರು, ಮೂಳೆಯ ತುದಿಯ ಮೆತ್ತೆ ಪೂರ್ತಿ ಸವೆದಿದೆ, ನೀ ರಿಪ್ಲೇಸ್‌ಮೆಂಟ್ ಮಾಡಿಸಿಬಿಡಿ ಎಂದರು. ಮನೆಯವರು ತಲೆ ತಗ್ಗಿಸಿ ಕೂತರು, ಮುಂದೇನಾಗುತ್ತದೆಂದು ಅವರಿಗೆ ಗೊತ್ತು. ರಾಯರು ಕನ್ನಡಕ ತೆಗೆದು ಒರೆಸಿ, "ಎಷ್ಟು ವರ್ಷ ಆಯ್ತು ಡಾಕ್ಟ್ರೇ ತಾವು ಈ ಕೆಲಸಕ್ಕೆ ಬಂದು?" ಎಂದರು. ಎಕ್ಸ್‌ರೇಯನ್ನು ಸುತ್ತಿಕೊಂಡೂ ಆಗಿತ್ತು.

ಡಾಕ್ಟರು ತಾಳ್ಮೆಯವರು. ಮೇಜಿನ ಮೇಲಿದ್ದ ಮಾದರಿ ಮಂಡಿಯನ್ನು ಎತ್ತಿಕೊಂಡು, ಹೆಸರು ರಿಪ್ಲೇಸ್‌ಮೆಂಟ್ ಎಂದಷ್ಟೇ, ಮಂಡಿಯನ್ನೇ ಕಿತ್ತು ಬೇರೆ ಹಾಕುವುದಿಲ್ಲ ಎಂದು ಬಿಡಿಸಿ ಹೇಳಿದರು. ಸವೆದ ಮೇಲ್ಮೈಯನ್ನು ಕೆಲವೇ ಮಿಲಿಮೀಟರ್ ಕತ್ತರಿಸಿ ಮಟ್ಟ ಮಾಡಿ, ಅದರ ಮೇಲೆ ಲೋಹದ ಹೊದಿಕೆ ಕೂರಿಸುವುದು, ನಡುವೆ ಪ್ಲಾಸ್ಟಿಕ್ಕಿನ ಒಂದು ತಟ್ಟೆ.

"ಹೊದಿಕೆ ಯಾವ ಲೋಹದ್ದು?"

"ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮ್."

ಕ್ರೋಮ್ ಎಂಬ ಶಬ್ದ ಕಿವಿಗೆ ಬೀಳುತ್ತಲೇ ರಾಯರು ಕುರ್ಚಿಯಲ್ಲಿ ಮುಂದಕ್ಕೆ ಜರುಗಿದರು. ಎಷ್ಟು ಮಿಲಿಮೀಟರ್ ತೆಗೆಯುತ್ತೀರಿ, ಗೇಜು ಯಾವುದು, ಸೈಜುಗಳು ಎಷ್ಟು ಬರುತ್ತವೆ, ಆಮೇಲೆ ರನ್ನಿಂಗ್-ಇನ್ ಎಷ್ಟು ದಿನ ಎಂದು ಒಂದೊಂದಾಗಿ ವಿಚಾರಿಸಿದರು. ಮೊದಲ ಕೆಲವು ವಾರ ಮೆಲ್ಲಗೆ ನಡೆಯಬೇಕು, ಭಾರ ಎತ್ತಬಾರದು ಎಂದಾಗ ಮನೆಯವರ ಕಡೆ ತಿರುಗಿ, "ನೋಡಿದ್ಯಾ?" ಎಂದರು. ತಾರೀಕು ಗೊತ್ತಾಯಿತು, ಫಾರಮ್ಮಿಗೆ ಸಹಿಯೂ ಬಿತ್ತು. ಬಾಗಿಲ ತನಕ ಕುಂಟುತ್ತಾ ಹೋದವರು ನಿಂತು ಹಿಂತಿರುಗಿದರು.

"ಡಾಕ್ಟ್ರೇ, ಕತ್ತರಿಸಿ ತೆಗೆದ ಹಳೇ ಸಾಮಾನು ಎಸೀಬೇಡಿ. ಒಂದು ಕವರಿಗೆ ಹಾಕಿ ಮನೆಯವರ ಕೈಗೆ ಕೊಟ್ಟುಬಿಡಿ."