ಮಾವನ ತಲೆಗೆ 96 ಕುಣಿಕೆ

ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದು ಬೆವರಿದವರಿಗೆ ಮೇಲೆ ಬಂದ ಮೇಲೆ ಚಳಿ ಜಾಸ್ತಿ ಎಂಬುದು ನನ್ನ ಸಿದ್ಧಾಂತ. ಪುರಾವೆ ನನ್ನ ಮಾವ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ದಾಟುತ್ತಿತ್ತು. ಅಲ್ಲಿ ಬನಿಯನ್ನೂ ಭಾರ ಅಂದವರು ಈಗ ಬಂಗಾರಪೇಟೆಯ ನಮ್ಮ ಮನೆಗೆ ಬಂದರೆ, ಯುಗಾದಿ ಹತ್ತಿರವಾದರೂ ಮಂಕಿ ಕ್ಯಾಪ್ ಬಿಚ್ಚುವುದಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಾವ ಕಿವಿ ಮುಚ್ಚಿಕೊಂಡಿದ್ದೂ ಅವತ್ತಿನಿಂದಲೇ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಆ ಕ್ಯಾಪು ಹರಿದಾಗ ಹೊಸದು ಕೊಳ್ಳುವುದು ಬಿಟ್ಟು, "ನಾನೇ ಹೆಣೆದು ಕೊಡ್ತೀನಿ" ಅಂದವನು ನಾನು. ಬಿಇಎಂಎಲ್‌ನಲ್ಲಿ ಬುಲ್ಡೋಜರಿನ ಡ್ರಾಯಿಂಗ್ ಬರೆದು ರಿಟೈರ್ ಆದವನಿಗೆ ಒಂದು ಟೋಪಿ ಯಾವ ಲೆಕ್ಕ? ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿದ್ದು ಈರುಳ್ಳಿಗೋ ನಗುವಿಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಗಂಡಸರು ನಿಟ್ಟಿಂಗ್ ಮಾಡುವುದಕ್ಕೆ ನಮ್ಮೂರಿನ ಇತಿಹಾಸದ ಬೆಂಬಲವಿದೆ ಎಂದು ನಾನೇ ವಿಷಯ ತೆಗೆದೆ. ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಕೆಜಿಎಫ್‌ಗೆ ಗಣಿ ಕೆಲಸ ಬಲ್ಲವರು ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದರು. ಆ ಸೀಮೆಯ ಕಡಲತೀರದ ಊರುಗಳಲ್ಲಿ ಮೀನುಗಾರರು ತೊಡುವ ಸ್ವೆಟರನ್ನು ಎಲ್ಲೂ ಜೋಡಣೆಯೇ ಬಾರದಂತೆ ಸುತ್ತಾಗಿ ಹೆಣೆಯುತ್ತಿದ್ದರು. "ಯಾರು ಹೆಣೀತಿದ್ರು? ಮೀನು ಹಿಡಿಯೋರಾ, ಅವರ ಹೆಂಡ್ತೀರಾ?" ಅಂದಳು. ಹೆಚ್ಚಾಗಿ ಹೆಂಡತಿಯರೇ. ಇತಿಹಾಸ ಅಲ್ಲಿಗೆ ಮುಗಿಯಿತು.

ಉಲ್ಲನ್ ತರಲು ರಾಬರ್ಟ್‌ಸನ್‌ಪೇಟೆಗೆ ಹೋದೆ. ಅಂಗಡಿಯವರು "ಪ್ಯೂರ್ ಉಲ್ಲನ್ ಸಾರ್" ಎಂದು ಕಂದು ಬಣ್ಣದ ಉಂಡೆಯನ್ನು ಕೆನ್ನೆಗೆ ಒತ್ತಿ ತೋರಿಸಿದರು. ಕೆನ್ನೆ ನನ್ನದೇ, ಮೆತ್ತಗಿತ್ತು, ತಂದೆ. ಹೆಂಡತಿ ಮಾತಾಡದೆ ಒಂದು ತುಂಡು ಎಳೆ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಸ್ಟೌ ಉರಿಗೆ ತೋರಿಸಿದಳು. ನಿಜವಾದ ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಕರಿಯ ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ನಮ್ಮದು ಕರಗಿತು. ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು, ತುದಿಯಲ್ಲಿ ಗಟ್ಟಿಯಾದ ಕರೀ ಮಣಿಯೊಂದು ನಿಂತಿತು. "ಅಕ್ರಿಲಿಕ್ಕು. ನಿಮ್ಮ ಕುರಿ ಪೆಟ್ರೋಲು ಕುಡಿದಿತ್ತೇನೋ" ಅಂದು ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಎರಡನೇ ಸಲ ಅವಳೇ ಜೊತೆಗೆ ಬಂದು, ಕೊಳ್ಳುವ ಮೊದಲೇ ಪರ್ಸಿನಿಂದ ಬೆಂಕಿಪೊಟ್ಟಣ ತೆಗೆದಳು. ಅಂಗಡಿಯವರಿಗೆ ತಕ್ಷಣ ಒಳಗಿನ ಬೀರುವಿನಲ್ಲಿ ಬೇರೆ ಸರಕಿದ್ದದ್ದು ನೆನಪಾಯಿತು. ನೂರು ಗ್ರಾಂ ಸಾಕಾಯಿತು. ವಾಪಸು ಬಂಗಾರಪೇಟೆಗೆ ಬಂದು ಪಾನಿಪೂರಿ ತಿಂದೆವು. ನಮ್ಮೂರ ಪಾನಿಯ ಹಿರಿಮೆಯೇ ಅದು ನೀರಿನ ಹಾಗೆ ತಿಳಿಯಾಗಿರುವುದು. ಬೇರೆ ಊರಿನ ಹಸಿರು ಪಾನಿಯಾಗಿದ್ದರೆ ನನ್ನ ಕೈಚೀಲದ ಉಣ್ಣೆ ಅವತ್ತೇ ಬಣ್ಣ ಬದಲಿಸುತ್ತಿತ್ತು.

ಮಾವನ ತಲೆ ಅಳೆದೆ: 56 ಸೆಂಟಿಮೀಟರ್. ಹೆಣಿಗೆ ಹಿಗ್ಗುತ್ತದೆ, ಆದ್ದರಿಂದ ಟೋಪಿ ತಲೆಗಿಂತ ಚಿಕ್ಕದಿರಬೇಕು. ನನ್ನ ಕೈಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಕೂರುತ್ತಿದ್ದವು. 48 ಸೆಂಟಿಮೀಟರಿಗೆ 96. ನಾಲ್ಕರಿಂದಲೂ ಭಾಗವಾಗುತ್ತದೆ, ಎಂಟರಿಂದಲೂ ಭಾಗವಾಗುತ್ತದೆ. ಇಂಥ ಸಂಖ್ಯೆ ಸಿಕ್ಕರೆ ಇಂಜಿನಿಯರಿಂಗ್ ಮನಸ್ಸು ಕುಣಿಯುತ್ತದೆ. ಮೇಲಿನ ನೋಟ, ಪಕ್ಕದ ನೋಟ, ಕೆಳಗೆ ಸ್ಕೇಲು, ತಾರೀಖು, ಸಹಿ ಎಲ್ಲ ಹಾಕಿ ಟೋಪಿಯ ಡ್ರಾಯಿಂಗ್ ಬರೆದೆ. ಅದರ ಹಿಂಬದಿಯಲ್ಲಿ ಈಗ ಹಾಲಿನವನ ಲೆಕ್ಕವಿದೆ.

"ಅಪ್ಪನ ತಲೆಗೆ ವರ್ನಿಯರ್ ಕ್ಯಾಲಿಪರ್ ಯಾಕ್ರೀ?" ಎಂದು ಅವಳು ಕೇಳಿದ್ದು ನಿಜ. ಟೇಪಿನಲ್ಲಿ ಸುತ್ತಳತೆ ಗೊತ್ತಾಗುತ್ತದೆ, ಉಬ್ಬುತಗ್ಗು ಗೊತ್ತಾಗಬೇಡವೇ? ಮಾವ ಮಾತ್ರ ಕಣ್ಣುಮುಚ್ಚಿ ಅಲುಗಾಡದೆ ಕೂತಿದ್ದರು. ಕಂಪನಿ ಡಾಕ್ಟರ ಮುಂದೆ ಕೂತು ಅಭ್ಯಾಸವಾದ ಶರೀರ.

ಸಾಮಾನ್ಯ ಎರಡು ಕಡ್ಡಿಯಲ್ಲಿ ಹೆಣೆದರೆ ಚಪ್ಪಟೆ ತುಂಡು ಬರುತ್ತದೆ, ಕೊನೆಗೆ ಹಿಂದೆ ಸೇರಿಸಿ ಹೊಲಿಯಬೇಕು. ಆ ಹೊಲಿಗೆಯೇ ಮಾವನ ಬೋಳುತಲೆಗೆ ಒತ್ತುತ್ತಿತ್ತಂತೆ. ಅದಕ್ಕೇ ಸುತ್ತು ಹೆಣಿಗೆ: ಎರಡು ಗಿಡ್ಡ ಕಡ್ಡಿಗಳ ನಡುವೆ ಪ್ಲಾಸ್ಟಿಕ್ ವೈರು, ಎಲ್ಲ ಸೇರಿ 40 ಸೆಂಟಿಮೀಟರ್. ಮೊದಲ ಕುಣಿಕೆಯನ್ನು ಕೊನೆಯದಕ್ಕೆ ಸೇರಿಸುವಾಗ ಸಾಲು ತಿರುಚಿಕೊಂಡಿರಬಾರದು. ತಿರುಚಿಕೊಂಡರೆ ಎಷ್ಟು ಹೆಣೆದರೂ ಅದು ಟೋಪಿಯಾಗುವುದಿಲ್ಲ, ಬಿಚ್ಚುವುದೊಂದೇ ದಾರಿ. ಸುತ್ತು ಶುರುವಾಗುವ ಜಾಗದ ಗುರುತಿಗೆ ಅಂಗಡಿಯ ರಿಂಗು ಬೇಕಿಲ್ಲ ಎಂದು ಟೂಲ್‌ಬಾಕ್ಸಿನಿಂದ ಒಂದು ಸ್ಟೀಲ್ ವಾಷರ್ ಹಾಕಿದೆ. ಅದು ಕಡ್ಡಿಯಿಂದ ಕಡ್ಡಿಗೆ ಠಣ್ಣೆಂದು ಜಾರುವಾಗ ನನಗೆ ಹಳೇ ಶಾಪ್‌ಫ್ಲೋರಿನಲ್ಲಿ ನಿಂತ ಹಾಗಾಗುತ್ತಿತ್ತು.

ಕುಣಿಕೆ ಎಣಿಸುವಾಗ ಮನೆಯಲ್ಲಿ ಯಾರೂ ಮಾತಾಡಬಾರದೆಂದು ಹುಕುಂ ಮಾಡಿದ್ದೆ. ಹೊರಗೆ ಹೋಗಿದ್ದ ಹೆಂಡತಿ ಬಂದು "ಕುಕ್ಕರು ಎಷ್ಟು ಸೀಟಿ ಆಯ್ತು?" ಅಂದಳು.

"ಐವತ್ತೆಂಟು" ಅಂದೆ.

ಅವತ್ತಿನ ಬೇಳೆಯನ್ನು ಲೋಟದಲ್ಲಿ ಕುಡಿದೆವು.

ಅಂಚು ಎರಡು ಸೀದಾ, ಎರಡು ಉಲ್ಟಾ. ಅದರಿಂದ ಕಿವಿ ಹತ್ತಿರ ಬಿಗಿ. ಆಮೇಲಿನದು ಸುಲಭದ ವಿನ್ಯಾಸ: ಒಂದು ಸುತ್ತು ಪೂರ್ತಿ ಸೀದಾ, ಮುಂದಿನ ಸುತ್ತು ಮತ್ತೆ ಎರಡು ಸೀದಾ ಎರಡು ಉಲ್ಟಾ. ಸುತ್ತು ಹೆಣಿಗೆಯಲ್ಲಿ ಬಟ್ಟೆಯ ಮುಖ ಯಾವಾಗಲೂ ನಮ್ಮ ಕಡೆಗೇ ಇರುತ್ತದೆ. ಉಲ್ಟಾ ಹಾಕಿದ ಕಡೆ ಗುಂಡುಗುಂಡಾಗಿ ಉಬ್ಬು ಏಳುವುದು ಕಣ್ಣೆದುರೇ ಕಾಣುತ್ತದೆ, ಬೆರಳಿಗೂ ಸಿಗುತ್ತದೆ. ಇಷ್ಟು ಗೊತ್ತಾದ ಮೇಲೆ ನಾನು ಹೆಣಿಗೆಯನ್ನು ಮನೆಯಲ್ಲಿ ಮಾತ್ರ ಮಾಡುವುದು ಕಲೆಗೆ ಅನ್ಯಾಯ ಅನ್ನಿಸಿ, ಮಾವನ ಮನೆಗೆ ಹೋಗುವಾಗ ಮಾರಿಕುಪ್ಪಂ ರೈಲಿನಲ್ಲೂ ತೆಗೆದೆ. ಕೋರಮಂಡಲ್ ದಾಟುವಷ್ಟರಲ್ಲಿ ಪಕ್ಕದ ಸೀಟಿನವರು ತಮಿಳಿನಲ್ಲಿ ನೂಲು ಬಿಗಿಯಾಯಿತು ಅಂದರು. ಎದುರಿನವರು ತೆಲುಗಿನಲ್ಲಿ ಸಡಿಲವಾಯಿತು ಅಂದರು. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಜ್ಜಿ ಕನ್ನಡದಲ್ಲಿ, "ಇಲ್ಲಿ ಕೊಡಪ್ಪಾ" ಎಂದು ಕಿತ್ತುಕೊಂಡು, ಹುರುಳಿಕಾಯಿ ನನ್ನ ತೊಡೆಗೆ ಸುರಿದರು. ನಾವು ಆ ಕಾಲದಲ್ಲಿ ಸೈಕಲ್ ಕಡ್ಡಿಯಲ್ಲಿ ಹೆಣೀತಿದ್ವಿ ಅಂದರು. ಊರ್ಗಾಂ ಬರುವ ಹೊತ್ತಿಗೆ ಅವರದು ಒಂದು ಸುತ್ತಾಗಿತ್ತು, ನನ್ನದು ಅರ್ಧ ಕಿಲೋ ಹುರುಳಿಕಾಯಿ. ಟೋಪಿಯಲ್ಲಿ ಆ ಒಂದು ಸುತ್ತು ಎಷ್ಟು ಚೆಂದವಾಗಿದೆಯೆಂದರೆ, ನೋಡಿದವರೆಲ್ಲ ಅದೊಂದನ್ನೇ ಬೆರಳಿಟ್ಟು ಹೊಗಳುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ.

ನೆತ್ತಿಯ ಭಾಗಕ್ಕೆ 96ನ್ನು ಎಂಟು ಪಾಲು ಮಾಡಿ, ಪ್ರತಿ ಪಾಲಿನ ಕೊನೆಗೆ ಎರಡು ಕುಣಿಕೆ ಒಂದು ಮಾಡಬೇಕು. ಸುತ್ತು ಬಿಟ್ಟು ಸುತ್ತಿಗೆ 88, 80, 72. ಹೀಗೆ ಇಳಿಯುತ್ತ ಹೋದಂತೆ ವೈರಿನ ಸುತ್ತ ಕುಣಿಕೆ ಸಾಲುವುದಿಲ್ಲ; ಎರಡೂ ತುದಿ ಚೂಪಾದ ನಾಲ್ಕೈದು ಕಡ್ಡಿಗಳಿಗೆ ವರ್ಗಾಯಿಸಬೇಕು. ನನ್ನ ಕೈಯಲ್ಲಿ ಅದು ಬೆದರಿದ ಮುಳ್ಳುಹಂದಿಯ ಹಾಗಿತ್ತು. ಆ ಹೊತ್ತಿಗೇ ಕರೆಂಟು ಹೋಯಿತು. ಕತ್ತಲಲ್ಲಿ ಮಾವ, "1902ರಲ್ಲೇ ಶಿವನಸಮುದ್ರದಿಂದ ನಮ್ ಕೆಜಿಎಫ್‌ಗೆ ಕರೆಂಟ್ ಬಂತು, ಬೆಂಗ್ಳೂರಿಗಿಂತ ಮೂರು ವರ್ಷ ಮುಂಚೆ" ಎಂದು ಶುರು ಮಾಡಿದರು. ಅಲುಗಾಡಿದರೆ ಕುಣಿಕೆ ಜಾರುತ್ತದೆಂದು ಕಡ್ಡಿಗಳನ್ನು ಎತ್ತಿ ಹಿಡಿದು, ಗಣಿಯ ಚರಿತ್ರೆ ಪೂರ್ತಿ ಕೇಳಿದೆ. ಅಳಿಯ ಎದ್ದು ಹೋಗದೆ ಕೇಳಿದ್ದು ಅದೇ ಮೊದಲೆಂದು ಅವರಿಗೆ ತುಂಬ ಸಂತೋಷವಾಯಿತು.

ಉಳಿದ ಎಂಟು ಕುಣಿಕೆಯೊಳಗೆ ನೂಲು ತೂರಿಸಿ ಎಳೆದು ಗಂಟು ಹಾಕಿದೆ. ಟೋಪಿ ಮಾವನ ತಲೆಗೆ ಸರಿಯಾಗಿ ಕೂತಿತು. ಕನ್ನಡಿ ನೋಡಿಕೊಂಡು, "ಪರವಾಗಿಲ್ಲ ಕಣಪ್ಪಾ" ಅಂದರು. ಅದು ಅವರ ಬಾಯಿಂದ ಬರುವ ಅತಿ ದೊಡ್ಡ ಬಿರುದು.

ಆದರೆ ಅಳಿಯ ನಿಟ್ಟಿಂಗ್ ಮಾಡುತ್ತಾನೆಂದು ಹಳೇ ಗಣಿ ಸ್ನೇಹಿತರ ಮುಂದೆ ಹೇಳುವುದು ಹೇಗೆ? ವಾಕಿಂಗಿನಲ್ಲಿ ಕೇಳಿದವರಿಗೆ, "ಬಂಗಾರಪೇಟೆ ಸಂತೇಲಿ ತಗೊಂಡೆ, ಎಂಬತ್ತು ರೂಪಾಯಿ, ಚೌಕಾಸಿ ಮಾಡಿದೆ" ಅಂದುಬಿಟ್ಟಿದ್ದಾರೆ. ಮೊನ್ನೆ ಹೆಂಡತಿ ತವರಿನಿಂದ ಬಂದವಳೇ ಐದು ತಲೆಗಳ ಅಳತೆ ಬರೆದ ಚೀಟಿಯನ್ನೂ ನಾನೂರು ರೂಪಾಯಿಯನ್ನೂ ನನ್ನ ಮುಂದಿಟ್ಟಳು. ಉಣ್ಣೆಯ ಖರ್ಚೇ ಅದಕ್ಕಿಂತ ಜಾಸ್ತಿ ಅಂದೆ.

"ಹಾಗಂತ ಅಪ್ಪನ ಮಾತು ಹೋಗ್ಬೇಕೇನ್ರೀ?" ಅಂದಳು. "ಅದ್ರಲ್ಲಿ ಒಬ್ರಿಗೆ ಮೇಲೊಂದು ಕುಚ್ಚು ಬೇಕಂತೆ."